ಭಾನುವಾರದ ಚರ್ಚೆ: ‘ಬ್ರೇವ್’ ನೋಡಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಎಂದಿನ ಜಾಗದಲ್ಲೇ ಸೇರೋಣ. ವಿಷಯ: ಮನೆಮಂದಿಯೆಲ್ಲ ಕೂತು ನೋಡುವ ಅನಿಮೇಷನ್ ಚಿತ್ರಗಳಲ್ಲಿ ಹೆಣ್ಣು, ಗಂಡು. ಆರಿಸಿರುವುದು 2012ರ ‘ಬ್ರೇವ್’. ಇದು ಅಮೆರಿಕದ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್‌ನ 13ನೇ ಚಿತ್ರ; ಅಲ್ಲಿ ಹೆಣ್ಣೊಬ್ಬಳು ಕಥಾನಾಯಕಿಯಾಗಿದ್ದು ಇದೇ ಮೊದಲು. ಕಥೆ ಹುಟ್ಟುಹಾಕಿದ ಬ್ರೆಂಡಾ ಚಾಪ್‌ಮನ್ ಅವರನ್ನು ನಡುವೆಯೇ ನಿರ್ದೇಶನದಿಂದ ತೆಗೆದು ಮಾರ್ಕ್ ಆಂಡ್ರ್ಯೂಸ್ ಅವರಿಗೆ ವಹಿಸಿದರು. ಆಸ್ಕರ್ ಬಂದಾಗ ಹಂಚಿಕೊಂಡವರು ಇಬ್ಬರೂ. ಈ ಸಂಗತಿಯನ್ನೂ ಮಾತಿಗೆ ತರಲೇಬೇಕು ಅಂತ ನನ್ನ ಆಸೆ.

ಬಿಲ್ಲುಗಾರಿಕೆಯ ದೃಶ್ಯ ಗಮನವಿಟ್ಟು ನೋಡಿ. ಬಿಗಿಯಾದ ಉಡುಪಿನಲ್ಲಿ ಕಥಾನಾಯಕಿ ಮೆರಿಡಾಳ ತೋಳು ಮೇಲೇಳುವುದಿಲ್ಲ; ಹೊಲಿಗೆ ಹರಿದ ಮೇಲೇ ಬಾಣ ಗುರಿ ಮುಟ್ಟುತ್ತದೆ. ಮಗಳನ್ನು ಆ ಉಡುಪಿನೊಳಗೆ ಬಿಗಿದವಳು ತಾಯಿ ಎಲಿನಾರ್. ಅಪ್ಪನದು ಬರೀ ನಗು, ಗದ್ದಲ. ಕಟ್ಟುಪಾಡು ಕಾಯುವ ಕೆಲಸ ಅಮ್ಮನ ಪಾಲಿಗೆ ಯಾಕೆ ಬಂತು? ನನ್ನನ್ನು ಹೆಚ್ಚು ಕಾಡುವುದು ಈ ಪ್ರಶ್ನೆಯೇ.

ಎಲ್ಲರೂ ಸಿನಿಮಾ ಮನೆಯಲ್ಲೇ ನೋಡಿ ಬರಬೇಕು, ಅಲ್ಲಿ ತೋರಿಸುವುದಿಲ್ಲ. ನಿಮಗೆ ಹಿಡಿಸಿದ ಅಥವಾ ಸಿಟ್ಟು ಬಂದ ಒಂದು ದೃಶ್ಯ ಗುರುತು ಹಾಕಿಕೊಳ್ಳಿ. ಮಕ್ಕಳನ್ನು ಕರೆತನ್ನಿ, ಮೊದಲ ಮಾತು ಅವರದೇ. ಕರಡಿಯ ದೃಶ್ಯಗಳಿಗೆ ತೀರಾ ಚಿಕ್ಕವರು ಹೆದರಬಹುದು, ಜೊತೆಗೆ ಕೂತು ನೋಡಿ. ಗಂಡಸರೂ ದಯವಿಟ್ಟು ಬನ್ನಿ, ಕಳೆದ ಸಲ ಇಬ್ಬರೇ ಇದ್ದಿರಿ.

ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಕುರ್ಚಿ, ಚಹಾ ಹೇಳಬೇಕು.