ಮೊದಲ ಆರಾಧನೆಗೆ ಮುನ್ನ ಕೆಲವರಿಗೆ ವಂದನೆ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೂ, ನಮ್ಮ ನಂಬಿಕೆಯವರಲ್ಲದಿದ್ದರೂ ನಮ್ಮ ಕಷ್ಟಸುಖವನ್ನು ವಿಚಾರಿಸುತ್ತಲೇ ಬಂದ ಬಳ್ಳಾರಿಯ ಸ್ನೇಹಿತರಿಗೂ ವಂದನೆಗಳು. ಬರುವ ಭಾನುವಾರ ಸಂಜೆ ನಮ್ಮ ಹೊಸ ಕ್ರೈಸ್ತ ಸಭೆಯ ಮೊದಲ ಆರಾಧನೆ ನಡೆಯಲಿದೆ. ಆ ದಿನ ಎದ್ದು ನಿಂತು ಒಬ್ಬೊಬ್ಬರ ಹೆಸರು ಹಿಡಿದು ವಂದಿಸಲು ಹೊರಟರೆ ಆರಾಧನೆಯು ಸನ್ಮಾನ ಸಮಾರಂಭವಾಗಿಬಿಡುತ್ತದೆ. ನಮ್ಮ ಕಡೆ ಶಾಲು ಹಾರಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಹೇಳಬೇಕಾದುದನ್ನು ಮುಂಚಿತವಾಗಿಯೇ ಬರೆದು ಮುಗಿಸುತ್ತಿದ್ದೇನೆ.

ಮೊದಲನೆಯದಾಗಿ, ನಾನು ಬೆಳೆದ ಮಾತೃಸಭೆಗೆ ನನ್ನ ಕೃತಜ್ಞತೆ. ಹೊಸ ಸಭೆಯೆಂದರೆ ಒಡೆದುಹೋದ ಸಭೆಯೆಂದೇ ಊರಿನಲ್ಲಿ ಮಾತಾಗುತ್ತದೆ. ನಮ್ಮ ಹಿರಿಯರು ಆ ಮಾತಿಗೆ ಆಸ್ಪದವಿಲ್ಲದಂತೆ, ಭಾನುವಾರದ ಆರಾಧನೆಯಲ್ಲಿಯೇ ಎಲ್ಲರೆದುರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನಮ್ಮನ್ನು ಕಳುಹಿಸಿದರು. ಇಷ್ಟು ತಡವಾದರೆ ಹೇಗೆಂದು ನಾನು ಆತುರಪಟ್ಟಾಗ ಅವರಲ್ಲೊಬ್ಬರು ಈ ಊರಿನ ಚರಿತ್ರೆಯನ್ನೇ ನೆನಪಿಸಿದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ವಿಲಿಯಂ ರೀವ್ ಅವರೂ ದುಡಿದು ಕನ್ನಡಕ್ಕೆ ತಂದ ಸಂಪೂರ್ಣ ಸತ್ಯವೇದವು, ಅಂದರೆ ಬೈಬಲ್, ಅಚ್ಚಾಗಿ ಹೊರಬಂದದ್ದು 1831ರಲ್ಲಿ. "ಬಂದ ಮರುವರ್ಷವೇ ಫಲ ಕಾಣಬೇಕೆಂದು ಅವರು ಹಟ ಹಿಡಿದಿದ್ದರೆ ಇವತ್ತು ನಿನ್ನ ಕೈಯಲ್ಲಿ ಯಾವ ಪುಸ್ತಕ ಇರುತ್ತಿತ್ತಪ್ಪಾ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಸಭೆ ಯಾರಿಗಾಗಿ ಎಂಬುದರಲ್ಲಿ ನಮಗೆ ಗೊಂದಲವಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿಬರುವವರಿದ್ದಾರೆ, ರಾಯಚೂರು, ಕೊಪ್ಪಳ ಮತ್ತು ಆಂಧ್ರದ ಹಳ್ಳಿಗಳಿಂದ ದುಡಿಮೆಗೆಂದು ಬಂದು ಇಲ್ಲಿಯೇ ನೆಲೆಸಿದವರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಬೆಳಗಿನ ಆರಾಧನೆ ನಿದ್ದೆಯ ಹೊತ್ತು. ಆದ್ದರಿಂದಲೇ ಸಂಜೆಯ ಆರಾಧನೆಯನ್ನು ಆರಿಸಿಕೊಂಡೆವು. ಆದ್ದರಿಂದಲೇ ಹಾಡುಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇರುತ್ತವೆ. ಕೊರಿಂಥ ಪಟ್ಟಣದಲ್ಲಿ ಅಪೊಸ್ತಲನಾದ ಪೌಲನು ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿದ್ದು, ಅವರೊಂದಿಗೆ ಗುಡಾರ ಮಾಡುವ ಕಸುಬಿನಲ್ಲಿ ದುಡಿಯುತ್ತಿದ್ದನೆಂಬ ಭಾಗವನ್ನು ಮನೆಕೂಟದಲ್ಲಿ ಓದಿದಾಗ, ಹೊಲಿಗೆಯ ಮೇಲೆಯೇ ಬದುಕುವ ನಮ್ಮ ಸಹೋದರರು ಪರಸ್ಪರ ಮುಖ ನೋಡಿ ನಕ್ಕರು. ಉಪದೇಶದಲ್ಲಿ ನಾನು ವಿವರಿಸಬೇಕೆಂದಿದ್ದುದರ ಮುಕ್ಕಾಲು ಪಾಲು ಅವರಿಗೆ ಆ ನಗೆಯಲ್ಲಿಯೇ ತಿಳಿದುಹೋಗಿತ್ತು.

ಹಣದ ವಿಷಯವನ್ನು ಮುಚ್ಚಿಡಬೇಕಾದುದೇನಿಲ್ಲ. ದೇವರ ಮೇಲೆ ಭರವಸೆಯಿಟ್ಟವನು ಲೆಕ್ಕ ಹಾಕಬಾರದೆಂದು ಹೇಳುವವರೂ ಸಿಕ್ಕಿದರು, ಲೆಕ್ಕ ಸರಿಹೋಗುವವರೆಗೆ ಹೆಜ್ಜೆಯಿಡಬಾರದೆಂದು ಹೇಳುವವರೂ ಸಿಕ್ಕಿದರು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನವು ಆಯಾ ದಿನಕ್ಕೆ ಬೇಕಾದಷ್ಟೇ ಸಿಕ್ಕಿತು, ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳಬಿದ್ದು ನಾರಿತು. ಆದರೆ ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಮಾಡುವುದಿಲ್ಲವೇ ಎಂದು ಕೇಳಿದವನೂ ಯೇಸುವೇ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುವುದು ಸುಲಭವಲ್ಲ. ನಮ್ಮ ಪಾಲಿಗೆ ಅದನ್ನು ಸಾಧ್ಯವಾಗಿಸಿದವರು ಬ್ಯಾಂಕಿನಿಂದ ನಿವೃತ್ತರಾದ ಅಣ್ಣನವರು. ಕಾಣಿಕೆಯ ಪ್ರತಿ ರೂಪಾಯಿಗೂ ರಸೀದಿ ಬರೆದು, ಬಾಡಿಗೆಯ ಕರಾರುಪತ್ರವನ್ನು ಸಾಲುಸಾಲಾಗಿ ಓದಿ, ಮೂರು ತಿಂಗಳ ಬಾಡಿಗೆ ಕೈಯಲ್ಲಿರುವ ತನಕ ಧ್ವನಿವರ್ಧಕದ ಮಾತೆತ್ತಬಾರದೆಂದು ಕಟ್ಟುನಿಟ್ಟಾಗಿ ಹೇಳಿದವರು ಅವರು. ಅವರ ಪ್ರಾರ್ಥನೆ ಬಹಳ ಚಿಕ್ಕದು, ಅವರ ಲೆಕ್ಕದ ಪುಸ್ತಕ ಬಹಳ ಉದ್ದದ್ದು. ಎರಡರಲ್ಲಿಯೂ ಭಕ್ತಿಯಿದೆಯೆಂದು ನಾನು ನಂಬುತ್ತೇನೆ.

ಜೊತೆಗಿರುತ್ತೇವೆಂದು ಹೇಳಿದ್ದ ಕೆಲವು ಕುಟುಂಬಗಳು ನಡುವೆ ಹಿಂದೆ ಸರಿದವು. ಅವರಿಗೂ ಅವರವರ ಕಾರಣಗಳಿದ್ದವು, ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆಗ ನನ್ನನ್ನು ಸಂತೈಸಲು ಬಂದವರೆಲ್ಲರೂ ಗಿದ್ಯೋನನ ಕಥೆಯನ್ನೇ ಹೇಳಿದರು: ಅವನೊಂದಿಗೆ ಯುದ್ಧಕ್ಕೆ ಕೂಡಿಬಂದ ಮೂವತ್ತೆರಡು ಸಾವಿರ ಮಂದಿಯನ್ನು ದೇವರು ಮುನ್ನೂರಕ್ಕೆ ಇಳಿಸಿದನಲ್ಲವೇ ಎಂದು. ಅದು ಉಪದೇಶ ಮಾಡುವುದಕ್ಕೆ ಹಿತವಾದ ಕಥೆ. ಆದರೆ ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ನೋಡುತ್ತಾ ನಿಂತಿದ್ದ ಗಿದ್ಯೋನನ ಹೊಟ್ಟೆಯಲ್ಲಿ ಏನಾಗುತ್ತಿತ್ತೆಂಬುದನ್ನು ಆ ಅಧ್ಯಾಯ ಹೇಳುವುದಿಲ್ಲ.

ಅದೇ ದಿನಗಳಲ್ಲಿ ನನ್ನ ಪತ್ನಿ ಆಸ್ಪತ್ರೆ ಸೇರಿದಳು. ಆ ಮೇಲಿನದು ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಕಾಯಿಲೆಯ ವಿವರಕ್ಕೆ ಹೋಗುವುದಿಲ್ಲ. ಒಂದು ರಾತ್ರಿಯ ಬಗ್ಗೆ ಮಾತ್ರ ಬರೆಯಬೇಕು, ಏಕೆಂದರೆ ಆ ರಾತ್ರಿ ನನ್ನೊಂದಿಗೆ ಇದ್ದವರು ಒಬ್ಬರೇ, ಮತ್ತು ಅವರು ಅದನ್ನು ತಾವಾಗಿ ಯಾರಿಗೂ ಹೇಳಿಲ್ಲ.

ನಾವೆಲ್ಲರೂ ಅವ್ವ ಎಂದು ಕರೆಯುವ ಆ ತಾಯಿ, ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾರೆ. ಪೀಸಿಗೆ ಇಷ್ಟು ಎಂಬ ಲೆಕ್ಕದ ಕೆಲಸ. ಹೋಗದ ದಿನಕ್ಕೆ ಕೂಲಿಯಿಲ್ಲ, ಮಂಪರಿನಲ್ಲಿ ಕೈ ನಿಧಾನವಾದರೂ ಕೂಲಿ ಕಡಿಮೆ. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಮಾತಾಡಿದ ಹೊತ್ತಿಗೆ ಅವರು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು ಮೆಟ್ಟಿಲ ಬಳಿ ಬಂದು ನಿಂತಿದ್ದರು. ಏನಾಯಿತೆಂದು ಕೇಳಲಿಲ್ಲ. ನನ್ನ ಮುಖ ನೋಡಿ, ಗಂಟನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕುಳಿತರು. ಔಷಧಿಯ ಚೀಟಿಗೆ ಹೆಸರು ಕೂಗಿದಾಗಲೆಲ್ಲ ನನಗಿಂತ ಮೊದಲು ಅವರೇ ಎದ್ದರು. ಓದಲು ಬಾರದಿದ್ದುದರಿಂದ ಔಷಧಿಯಂಗಡಿಯವನಿಂದ ಪ್ರತಿ ಗುಳಿಗೆಯ ಹೆಸರನ್ನೂ ಎರಡೆರಡು ಸಲ ಬಾಯಿಬಿಟ್ಟು ಹೇಳಿಸಿಕೊಂಡು ಬಂದರು.

ಆ ರಾತ್ರಿ ನನ್ನಿಂದ ಪ್ರಾರ್ಥನೆ ಬರಲಿಲ್ಲ. ಇತರರ ಹಾಸಿಗೆಗಳ ಬಳಿ ನಿಂತು ಎಷ್ಟೋ ಸಲ ಪ್ರಾರ್ಥಿಸಿದ ನಾಲಗೆ ಅದು, ನನ್ನ ಮನೆಯವಳಿಗಾಗಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ನಡುರಾತ್ರಿ ದಾಟಿದ ಮೇಲೆ ಬಾಯಿಂದ ಹೊರಬಂದದ್ದು ಸಿಟ್ಟು ಮಾತ್ರ: ಸಂಬಳದ ನೌಕರಿ ಬಿಟ್ಟು ಬಂದವನಿಗೆ ಇದೇ ಉತ್ತರವೇ, ಈ ಸಭೆಯೂ ಬೇಡ, ಏನೂ ಬೇಡ ಎಂದೆ. ಅವ್ವ ನನ್ನನ್ನು ಗದರಲಿಲ್ಲ, ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಉದಾಹರಣೆ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ತಮ್ಮಾ, ಸಭೆ ಆತನದು. ಆತ ನಡೆಸ್ತಾನ, ಬ್ಯಾಡಂದ್ರ ನಿಲ್ಲಿಸ್ತಾನ. ಈ ರಾತ್ರಿ ನಿನಗ ಕೊಟ್ಟಿರೋ ಕೆಲಸ ಅಂದ್ರ ಆಕಿ ಒಬ್ಬಾಕಿನ. ಹೋಗಿ ಆಕಿ ಕಣ್ಣಿಗೆ ಬೀಳಂಗ ನಿಂದ್ರು" ಎಂದರು. ನಾನು ಒಳಗೆ ಹೋಗಿ ನಿಂತೆ. ಬಾಗಿಲ ಹೊರಗೆ ಅವರು ತಮ್ಮ ತೆಲುಗಿನಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದುದು ಬೆಳಗಿನ ಜಾವದವರೆಗೂ ಕೇಳುತ್ತಿತ್ತು. ಬೆಳಕು ಹರಿದ ಮೇಲೆ ಮುಖ ತೊಳೆದುಕೊಂಡು ಅಲ್ಲಿಂದಲೇ ಕೆಲಸಕ್ಕೆ ಹೋದರು.

ಪತ್ನಿ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ನಾನು ಅವ್ವನನ್ನು ಕೇಳಿದೆ, ಇವಳು ಉಳಿಯುತ್ತಾಳೆಂದು ಆ ರಾತ್ರಿ ನಿಮಗೆ ಹೇಗೆ ಗೊತ್ತಿತ್ತು ಎಂದು. ಅವರು ನಕ್ಕುಬಿಟ್ಟರು. "ನನಗೇನು ಗೊತ್ತಿತ್ತಪ್ಪಾ? ನನಗೂ ಹೆದರಿಕಿ ಆಗಿತ್ತು. ಹೆದರಿಕಿ ಆದ್ರ ಎದ್ದು ಹೋಗಬೇಕೇನು?" ಹೆದರಿಕೆಯುಂಟಾದಾಗ ನಿನ್ನಲ್ಲಿ ಭರವಸೆಯಿಡುವೆನೆಂದು 56ನೆಯ ಕೀರ್ತನೆಯಲ್ಲಿ ದಾವೀದನು ಹೇಳುತ್ತಾನೆ. ಹೆದರಿಕೆ ಹೋದ ಮೇಲೆ ಬರುವುದೇ ಭರವಸೆಯೆಂದು ನಾನು ಅಲ್ಲಿಯವರೆಗೆ ಎಣಿಸಿಕೊಂಡಿದ್ದೆ, ಹಾಗೆಂದು ಬೇರೆಯವರಿಗೂ ಬೋಧಿಸುತ್ತಿದ್ದೆ. ಆ ಬೆಂಚಿನ ಮೇಲೆ ಹೆದರಿಕೆಯೂ ಭರವಸೆಯೂ ಒಬ್ಬರೊಳಗೇ ಕುಳಿತಿದ್ದವು. ಅವ್ವಾ, ನಿಮಗೆ ಇದನ್ನು ಯಾರಾದರೂ ಓದಿ ಹೇಳುತ್ತಾರೆ. ಆ ದಿನದ ನಿಮ್ಮ ಕೂಲಿಯ ಋಣವನ್ನೂ ಆ ರಾತ್ರಿಯ ಋಣವನ್ನೂ ತೀರಿಸುವ ದಾರಿ ನನಗೆ ತೋಚುತ್ತಿಲ್ಲ.

ಇನ್ನುಳಿದವರು ನನ್ನನ್ನು ಕ್ಷಮಿಸಬೇಕು: ಜಾಗ ಕೊಟ್ಟು ಮುಂಗಡವನ್ನು ಅರ್ಧಕ್ಕೆ ಇಳಿಸಿದ ಮನೆಯ ಯಜಮಾನರಾದ ಲಿಂಗಾಯತ ಹಿರಿಯರಿಗೆ, ತಗಡಿನ ಚಾವಣಿಯ ಸೋರಿಕೆಯನ್ನು ರಿಪೇರಿ ಮಾಡಿ ಹಣ ಮುಟ್ಟದ ಪಕ್ಕದ ಗ್ಯಾರೇಜಿನ ಭಾಯಿಗೆ, ಶುಕ್ರವಾರದ ಉಪವಾಸ ಪ್ರಾರ್ಥನೆಯನ್ನು ಒಂದು ವಾರವೂ ತಪ್ಪಿಸದ ಅಕ್ಕಂದಿರಿಗೆ, ಗೋಡೆಗೆ ಸುಣ್ಣ ಬಳಿದ ಹುಡುಗರಿಗೆ ಒಟ್ಟಾಗಿ ಹೃತ್ಪೂರ್ವಕ ವಂದನೆಗಳು.

ಮುಂದೇನಾಗುತ್ತದೆಂಬುದು ನನಗೆ ತಿಳಿಯದು. ಅಬ್ರಹಾಮನು ತಾನು ಹೋಗುವ ಸ್ಥಳ ಯಾವುದೆಂದು ತಿಳಿಯದೆಯೇ ಹೊರಟನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ನಮಗಾದರೂ ಸ್ಥಳ ಗೊತ್ತಿದೆ, ಅದಕ್ಕೆ ಬಾಡಿಗೆಯೂ ಗೊತ್ತಿದೆ. ಪತ್ನಿಯ ಚಿಕಿತ್ಸೆ ಇನ್ನೂ ಮುಂದುವರಿಯಬೇಕಿದೆ, ಅವಳು ಮೊದಲ ಆರಾಧನೆಗೆ ಬಂದರೂ ಹೆಚ್ಚು ಹೊತ್ತು ಕುಳಿತಿರಲಾರಳು. ಅವಳಿಗಾಗಿ ಪ್ರಾರ್ಥಿಸುತ್ತಿರಿ.

ಭಾನುವಾರ ಸಂಜೆ ಆರು ಗಂಟೆಗೆ ಆರಾಧನೆ ಆರಂಭವಾಗುತ್ತದೆ. ಕುರ್ಚಿಗಳು ಸಾಲದೆ ಬರುವುದರಿಂದ ನೆಲದ ಮೇಲೆ ಕೂರಬಲ್ಲವರು ಮನೆಯಿಂದ ಒಂದು ಚಾಪೆ ತನ್ನಿ, ಕುರ್ಚಿಗಳನ್ನು ಹಿರಿಯರಿಗೆ ಬಿಡಿ. ತಬಲಾ ಬಾರಿಸುವವರು ಇನ್ನೂ ಸಿಕ್ಕಿಲ್ಲ. ನಿಮಗೆ ತಿಳಿದವರಿದ್ದರೆ ಶನಿವಾರದೊಳಗೆ ಹೇಳಿ. ನಡುವೆ ಹಿಂದೆ ಸರಿದ ಕುಟುಂಬದವರೂ ಸಂಕೋಚಪಡದೆ ಬನ್ನಿ, ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಊಟವಿದೆ.