ಬುಟ್ಟಿ ಗದ್ದೆಗೆ ಹೋಯಿತು

ಈ ಸಲದ ಭೂಮಿ ಹುಣ್ಣಿಮೆಗೆ ನಾನು ಚಿತ್ತಾರ ಬರೆದ ಬುಟ್ಟಿಯೇ ನಮ್ಮ ಗದ್ದೆಗೆ ಹೋಯಿತು. ಫೋಟೋ ನೋಡಿ ಫೋನ್ ಮಾಡಿದವರಿಗೆಲ್ಲ ಇಲ್ಲೇ ಥ್ಯಾಂಕ್ಸ್ ಹೇಳುತ್ತೇನೆ. ಆವತ್ತು ಗಂಟಲು ಕಟ್ಟಿತ್ತು, ಮಾತು ಬರಲಿಲ್ಲ.

ಮಳೆಗಾಲದಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಈ ಹಬ್ಬ ಅಂದರೆ ಭೂಮಿತಾಯಿಗೆ ಬಯಕೆ ಊಟ. ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ, ಅವಳು ಬಸುರಿ. ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿಗೇ ಬುಟ್ಟಿ ಹೊತ್ತುಕೊಂಡು ಹೋಗಿ ಬಡಿಸಿ ಬರುತ್ತಾರೆ. ಚಿಕ್ಕಂದಿನಿಂದ ನನಗೆ ತುಂಬಾ ಇಷ್ಟದ ಹಬ್ಬ. ಈ ವರ್ಷ ಮಾತ್ರ ಬಯಕೆ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದೆ.

ದೊಡ್ಡಮ್ಮನ ಬಗ್ಗೆ ಹೇಳಲೇಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿ ಬಂದವರೆಲ್ಲ ಏನೋ ಒಂದು ಸಮಾಧಾನ ಹೇಳಿ ಹೋದರು, ಇವಳು ಹೋಗಲಿಲ್ಲ. ಇನ್ನೊಂದು ಆಗುತ್ತೆ ಬಿಡು ಅಂತಲೂ ಅನ್ನಲಿಲ್ಲ. ಕರೆಂಟ್ ಇರಲಿಲ್ಲ, ಮಳೆ ಹೊಡೆಯುತ್ತಲೇ ಇತ್ತು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಅವಳು ದೀಪ ಹಚ್ಚಿಕೊಂಡು ಪಕ್ಕದಲ್ಲೇ ಕೂತು ಪುಂಡಿ ನಾರು ಬಿಡಿಸುತ್ತಿದ್ದಳು, ಚಿತ್ತಾರದ ಕುಂಚಕ್ಕೆ. ಎಷ್ಟೋ ಹೊತ್ತಾದ ಮೇಲೆ, "ನಿದ್ದೆ ಬರದಿದ್ರೆ ಬರೋದ್ ಬೇಡ ಮಗಾ, ಇದೊಂದು ತುದಿ ಹಿಡ್ಕೋ" ಅಂದಳು. ಹಿಡಿದೆ. ಅಷ್ಟು ಜೋರಾಗಿ ನಾನು ಅತ್ತಿದ್ದು ಆವತ್ತೇ. ಅವಳು ನಾರು ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಬೆಳಗಾಗುವ ತನಕ ಹಾಗೇ ಕೂತಿದ್ದಳು.

ಆಮೇಲೆ ಭಾನುವಾರ ಮಧ್ಯಾಹ್ನ ಅವಳ ಜಗಲಿಗೆ ಹೋಗತೊಡಗಿದೆ. ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಎಳೆ ಬರೆಯಬೇಕು. ಕಪ್ಪಿಗೆ ಅಕ್ಕಿಯನ್ನೇ ಸುಡಬೇಕು. ಎಳೆ ಬರೆಯುವಾಗ ಉಸಿರು ತಾನಾಗಿಯೇ ನಿಧಾನ ಆಗುತ್ತದೆ, ಇಲ್ಲದಿದ್ದರೆ ಗೆರೆ ಅಲುಗುತ್ತದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಕೆಲವೊಮ್ಮೆ ಹಸೆ ಹಾಡು, ಕೆಲವೊಮ್ಮೆ ಸುಮ್ನೆ ಕೂರುವುದು. ನನಗೆ ಅದೇ ಬೇಕಿತ್ತು.

ಜಗಲಿಯ ಅಕ್ಕಂದಿರು, ಬುಟ್ಟಿ ಹೆಣೆದುಕೊಟ್ಟ ಅಜ್ಜ, ರಜೆ ಹಾಕಿ ಬಂದ ಗೆಳತಿಯರು, ಮನೆ ಕೆಲಸವೆಲ್ಲ ಮಾತಿಲ್ಲದೆ ನೋಡಿಕೊಂಡ ಅತ್ತೆ, ನಿಮಗೆಲ್ಲ ಮನಸಾರೆ ನಮಸ್ಕಾರ. ಬುಟ್ಟಿಯನ್ನು ತಲೆ ಮೇಲೆ ಹೊತ್ತು ಗದ್ದೆಗೆ ನಡೆದವರು ನಮ್ಮ ಮನೆಯವರು. ಆ ಮಳೆಗಾಲ ಅವರದೂ ಆಗಿತ್ತು, ಅವರನ್ನು ಯಾರೂ ಅಷ್ಟಾಗಿ ವಿಚಾರಿಸಲಿಲ್ಲ.

ದೊಡ್ಡಮ್ಮ ಫೋನ್ ನೋಡುವುದಿಲ್ಲ. ಭಾನುವಾರ ಜಗಲಿಯಲ್ಲಿ ಕೂತು ಇದನ್ನೆಲ್ಲ ಓದಿ ಹೇಳುತ್ತೇನೆ. ಚಿತ್ತಾರ ಕಲಿಯುವ ಮನಸ್ಸಿದ್ದರೆ ನೀವೂ ಬನ್ನಿ, ಕುಂಚ ಅವಳೇ ಕೊಡುತ್ತಾಳೆ.