ಕೀ ಕೊಡುವ ಮೊದಲು ಕೇಳುವವರು

ತುಮಕೂರು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಅರ್ಧ ಹೇಳಿ ಅರ್ಧ ನುಂಗಿಕೊಂಡೆಯಲ್ಲ, ಆ ಹೆದ್ದಾರಿ ಬದಿಯ ಮೋಟೆಲ್ ಕಥೆ ನಿಮ್ಮಪ್ಪನ ತಲೆಯಿಂದ ಇನ್ನೂ ಇಳಿದಿಲ್ಲ. ನ್ಯೂ ಮೆಕ್ಸಿಕೋದ ಯಾವುದೋ ಸಣ್ಣ ಊರಲ್ಲಿ ಒಬ್ಬಳೇ ಕಾರು ನಿಲ್ಲಿಸಿ ರಾತ್ರಿ ಉಳಿದೆ ಅನ್ನುವುದು ಅವರಿಗೆ ಚಿಂತೆ. ನಿನ್ನ ಸಿಟ್ಟು ಬೇರೆ. ಕೌಂಟರಿನಲ್ಲಿದ್ದ ಗುಜರಾತಿ ಆಂಟಿ 'ಒಬ್ಬಳೇನಾ? ಮದುವೆ ಆಗಿದೆಯಾ? ಅಪ್ಪ ಅಮ್ಮ ಎಲ್ಲಿ? ರಾತ್ರಿ ಏನು ತಿಂತೀಯ?' ಅಂತ ಕೇಳಿಬಿಟ್ಟರು, ಅಮೆರಿಕಕ್ಕೆ ಬಂದರೂ ಈ ಕಾಟ ತಪ್ಪಲಿಲ್ಲ ಅಂದೆ. ಅವರು ಅಷ್ಟು ಕೇಳಿದರು ಅಂದಮೇಲೆಯೇ ನನಗೆ ಜೀವ ಬಂದದ್ದು ಕಣೇ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಅವತ್ತಿನಿಂದ ಮೋಟೆಲ್ ಪಂಡಿತರಾಗಿದ್ದಾರೆ. ಮೊದಲನೆಯದು 1925ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಲೂಯಿಸ್ ಒಬಿಸ್ಪೋದಲ್ಲಿ ಶುರುವಾಯಿತಂತೆ, ಮರುವರ್ಷ ನೀನು ಹೋದ ಆ ರೂಟ್ 66 ಹೆದ್ದಾರಿ ಬಂತಂತೆ. 1956ರ ಕಾನೂನಿನಿಂದ ಇಂಟರ್‌ಸ್ಟೇಟ್ ಹೆದ್ದಾರಿಗಳು ಊರುಗಳ ಹೊರಗಿಂದ ಹಾದುಹೋಗಿ ಹಳೇ ರಸ್ತೆಯ ವ್ಯಾಪಾರ ಬಿದ್ದುಹೋಯಿತು. 1985ರಲ್ಲಿ ರೂಟ್ 66 ಅನ್ನೇ ಹೆದ್ದಾರಿಗಳ ಪಟ್ಟಿಯಿಂದ ತೆಗೆದರು. ಹಾಗೆ ಸೊರಗುತ್ತಿದ್ದ ಎಷ್ಟೋ ಮೋಟೆಲುಗಳನ್ನು ಗುಜರಾತಿಗಳು ಕೊಂಡರು. 1965ರಲ್ಲಿ ಅಲ್ಲಿಯ ವಲಸೆ ಕಾನೂನು ಸಡಿಲವಾದ ಮೇಲೆ ಹೋದವರು ಕೆಲವರು, 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಓಡಿಸಿದವರು ಇನ್ನು ಕೆಲವರು. ಮನೆಗೆ ಬೇರೆ ಬಾಡಿಗೆ ಕಟ್ಟಬೇಕಾಗಿಲ್ಲ, ಕೌಂಟರಿನ ಹಿಂದೆಯೇ ಸಂಸಾರ. ಕೆಲಸದವರಿಗೆ ಸಂಬಳ ಕೊಡಬೇಕಾಗಿಲ್ಲ, ಹೆಂಡತಿ ಹಾಸಿಗೆ ಹಾಸುತ್ತಾಳೆ, ಮಕ್ಕಳು ಟವೆಲ್ ಮಡಿಸುತ್ತಾರೆ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಕಾಲದಲ್ಲಿ ಇಂಥ ಲೆಕ್ಕ ತಂದಿದ್ದರೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. (ಹೆಂಡತಿಯ ಸಂಬಳ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ ಅನ್ನುವುದು ಬೇರೆ ಮಾತು.)

ನಿನಗೆ ಹೇಳಬೇಕಾದದ್ದು ಮೊನ್ನೆ ನಾವು ಉಳಿದ ಮುಳಬಾಗಿಲಿನ ಲಾಡ್ಜಿನ ವಿಷಯ.

ತಿರುಪತಿಯಿಂದ ವಾಪಸು ಹೊರಟಾಗಲೇ ತಡವಾಗಿತ್ತು. ಚಿತ್ತೂರು, ಪಲಮನೇರು ದಾಟುವಷ್ಟರಲ್ಲಿ ಕತ್ತಲು. ಎದುರಿನ ಗಾಡಿಗಳ ಲೈಟು ನಿಮ್ಮಪ್ಪನ ಕಣ್ಣಿಗೆ ಈಗ ಆಗುವುದಿಲ್ಲ, ಆದರೆ ಬಾಯಿಬಿಟ್ಟು ಹೇಳುವವರಲ್ಲ. ನಂಗಲಿ ಹತ್ತಿರ ಬಂದಾಗ ನಾನೇ 'ಬೆಂಗಳೂರು ದಾಟಿ ತುಮಕೂರು ಸೇರೋದು ಬೇಡ, ಮುಳಬಾಗಿಲಲ್ಲಿ ಉಳಿಯೋಣ, ಬೆಳಿಗ್ಗೆ ಕುರುಡುಮಲೆ ಗಣಪತಿ ನೋಡ್ಕೊಂಡು ಹೋಗೋಣ' ಅಂದೆ. ದೇವರ ಹೆಸರು ಹೇಳಿದರೆ ಅವರ ಮರ್ಯಾದೆಯೂ ಉಳಿಯುತ್ತದೆ. ನಮ್ಮ ಕಡೆಯ ಹಳಬರು ಮುಳಬಾಗಿಲ ಆಂಜನೇಯನಿಗೆ ಕೈ ಮುಗಿದೇ ತಿರುಪತಿಗೆ ಹೋಗುತ್ತಿದ್ದರು, ನಾವು ಹೋಗುವಾಗ ಅದನ್ನು ಬಿಟ್ಟಿದ್ದೆವು, ಅದೂ ಸೇರಿತು.

ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿದು ಊರ ಕಡೆ ತಿರುಗಿದರೆ ಆ ಲಾಡ್ಜು. ಕೆಳಗೆ ಅಂಗಡಿ ಸಾಲು, ಮಧ್ಯೆ ಒಂದೇ ಒಂದು ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಮರದ ಕೌಂಟರು. ಕೌಂಟರಿನ ಹಿಂದೆ ವೆಂಕಟರಮಣನ ಫೋಟೋ, ಪಕ್ಕದಲ್ಲಿ ಕುರುಡುಮಲೆ ಗಣಪತಿ, ಊದುಬತ್ತಿಯ ಬೂದಿ ರಿಜಿಸ್ಟರ್ ಮೇಲೇ ಉದುರುತ್ತಿತ್ತು. ಐದನೇ ಕ್ಲಾಸಿನ ಹುಡುಗನೊಬ್ಬ ಅಲ್ಲೇ ಹೋಮ್‌ವರ್ಕ್ ಬರೆಯುತ್ತಿದ್ದ. ಒಳಗಿನ ಪರದೆಯ ಹಿಂದೆ ಕುಕ್ಕರ್ ಕೂಗಿತು. ಕೌಂಟರಿನಲ್ಲಿದ್ದ ಹೆಂಗಸು ಒಳಗಿನವರಿಗೆ ತೆಲುಗಿನಲ್ಲಿ ಏನೋ ಹೇಳಿ, ನಮ್ಮ ಕಡೆ ಕನ್ನಡಕ್ಕೆ ತಿರುಗಿದಳು. ಕೋಲಾರದ ಕಡೆಯವರಿಗೆ ಅದು ಉಸಿರಾಡಿದಷ್ಟು ಸಲೀಸು.

ನಿನ್ನ ಮೋಟೆಲಿನಲ್ಲಿ ಕಾರು ರೂಮಿನ ಬಾಗಿಲ ಮುಂದೆಯೇ ನಿಲ್ಲುತ್ತದೆ ಅಂದೆಯಲ್ಲ? ಒಂದು ಸಲ ಕೀ ಇಸಕೊಂಡ ಮೇಲೆ ನೀನು ಯಾವಾಗ ಹೋದೆ, ಯಾರನ್ನು ಕರೆತಂದೆ, ಯಾರಿಗೂ ಗೊತ್ತಾಗದು. ನಮ್ಮ ಲಾಡ್ಜು ಕಟ್ಟಿದ್ದೇ ತಿರುಗಾಮುರುಗಾ. ಯಾವ ರೂಮಿಗೆ ಹೋಗಬೇಕಾದರೂ ಆ ಒಂದೇ ಮೆಟ್ಟಿಲು, ಆ ಒಂದೇ ಹೆಂಗಸಿನ ಕಣ್ಣ ಮುಂದೆ. ರಾತ್ರಿ ಹನ್ನೊಂದಕ್ಕೆ ಕೆಳಗೆ ಶಟರ್ ಎಳೆದರೆ ಮುಗಿಯಿತು. ನಿಮ್ಮ ಆಂಟಿ ಶುರುವಿನಲ್ಲೇ ಅಷ್ಟೆಲ್ಲ ಕೇಳಿದ್ದು ಅದಕ್ಕೇ ಇರಬೇಕು ಅಂತ ನನ್ನ ಊಹೆ, ಆಮೇಲೆ ನೋಡುವುದಕ್ಕೆ ಅವರಿಗೆ ಮೆಟ್ಟಿಲೇ ಇಲ್ಲವಲ್ಲ.

ನಮ್ಮನ್ನೂ ಕೇಳಿದರು. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಏನು ಕೆಲಸ, ಗಾಡಿ ನಂಬರು. ಇಬ್ಬರ ಆಧಾರ್ ಜೆರಾಕ್ಸ್. ನಿಮ್ಮಪ್ಪ ಇದ್ದಕ್ಕಿದ್ದ ಹಾಗೆ 'ಇವರು ಮೂವತ್ತೈದು ನಲವತ್ತು ವರ್ಷದ ಹಿಂದೆ ನಿಮ್ಮ ಲಾಡ್ಜಲ್ಲೇ ಇದ್ದವರಮ್ಮ' ಅಂದುಬಿಟ್ಟರು. ಅವಳು ತಲೆ ಎತ್ತಿ 'ಹೌದಾ ಸರ್, ಅತ್ತೆ ಕಾಲ' ಅಂದಳು, ಆಮೇಲೆ 'ಆಧಾರಿನ ಹಿಂದುಗಡೆದೂ ಜೆರಾಕ್ಸ್ ಬೇಕು' ಅಂದಳು.

ಹೌದು, ನಾನು ಅಲ್ಲೇ ಇದ್ದೆ. ಈ ಕಥೆ ನಿನಗೆ ಹೇಳಿಲ್ಲ. 1987ರಲ್ಲಿ ಮುಳಬಾಗಿಲಿನ ಬ್ರಾಂಚಿಗೆ ನನ್ನನ್ನು ಡೆಪ್ಯುಟೇಷನ್ ಮೇಲೆ ಹಾಕಿದ್ದರು. ಆಗ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಗೇ ಸೇರಿತ್ತು, ರೇಷ್ಮೆ ಸಾಲ, ಬೋರ್‌ವೆಲ್ ಸಾಲದ ಫೈಲುಗಳು ರಾಶಿ. ಬಸ್ಸಿಳಿದಾಗ ಸಂಜೆ. ಕೈಯಲ್ಲಿ ಒಂದು ಏರ್‌ಬ್ಯಾಗು, ಬ್ಯಾಂಕಿನ ಆರ್ಡರ್ ಕಾಪಿ. ಬಸ್‌ಸ್ಟ್ಯಾಂಡ್ ಹತ್ತಿರದ ಮೊದಲನೇ ಲಾಡ್ಜಿನವನು ಆರ್ಡರ್ ಕಾಪಿ ಓದಲೂ ಇಲ್ಲ. 'ಲೇಡೀಸ್ ಒಬ್ಬರೇ ಆದ್ರೆ ರೂಮ್ ಕೊಡಲ್ಲಮ್ಮ.' ಯಾಕೆ ಅಂದೆ. 'ಕೊಡಲ್ಲ ಅಷ್ಟೇ.' ಎಷ್ಟೋ ಊರಿನಲ್ಲಿ ಆಗ ಇದೇ ಮಾತು, ಈಗಲೂ ಕೆಲವು ಕಡೆ ಉಂಟು. ಗಂಡಸಿಗೆ ರೂಮು ಬೇಕು ಅಂದರೆ ನಿದ್ದೆಗೆ, ಹೆಂಗಸಿಗೆ ಬೇಕು ಅಂದರೆ ಮಾತ್ರ ಬೇರೆ ಅರ್ಥ.

ಎರಡನೆಯದು ಈ ಲಾಡ್ಜು. ಕೌಂಟರಿನಲ್ಲಿದ್ದಾತ ನನ್ನ ಮುಖ ನೋಡಿದವನೇ 'ಅಮ್ಮಾ' ಅಂತ ಒಳಗೆ ಕೂಗಿದ. ಸೆರಗಿಗೆ ಕೈ ಒರೆಸುತ್ತ ಒಬ್ಬರು ಬಂದರು. ಕಿವಿಯಲ್ಲಿ ವಜ್ರದೋಲೆ, ಧ್ವನಿ ಹೆಡ್‌ಮೇಡಂ ಥರ. ಅವರು ಕೇಳಿದ್ದಕ್ಕೆ ಲೆಕ್ಕ ಇಲ್ಲ. ಯಾರ ಮಗಳು, ಯಾವ ಊರು, ಮದುವೆ ಯಾಕಾಗಿಲ್ಲ, ಬ್ಯಾಂಕಿನಲ್ಲಿ ಎಷ್ಟು ಸಂಬಳ, ಅಪ್ಪನಿಗೆ ಗೊತ್ತಾ, ಮ್ಯಾನೇಜರ್ ವಯಸ್ಸೆಷ್ಟು. ನನಗೆ ಅಳು, ಸಿಟ್ಟು ಎರಡೂ. ಎಲ್ಲ ಮುಗಿದ ಮೇಲೆ ಮಗನಿಗೆ 'ಆರನೇ ನಂಬರ್ ಕೊಡೋ' ಅಂದರು. ಆರನೇ ನಂಬರು ಅವರ ಅಡಿಗೆಮನೆಯ ಗೋಡೆಗೆ ಅಂಟಿಕೊಂಡ ರೂಮು. ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಗೋಡೆಗೆ ಚೊಂಬಿನಲ್ಲಿ ಹೊಡಿ, ನಾನು ಬರ್ತೀನಿ ಅಂದರು. ಯಾರೂ ತಟ್ಟಲಿಲ್ಲ. ಆ ಡೆಪ್ಯುಟೇಷನ್ ಮುಗಿಯುವ ತನಕ ಸಂಜೆ ಐದೂವರೆಗೆ ನಾನು ಬರದಿದ್ದರೆ ಅವರ ಮಗ ಬ್ರಾಂಚಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮುದ್ದೆ, ಮಸ್ಸೊಪ್ಪು ಅವರ ಮನೆಯದೇ. ಭಾನುವಾರ ಸಿನಿಮಾಕ್ಕೆ ಹೋಗುತ್ತೇನೆ ಅಂದಾಗ ಬೇಡ ಅಂದರು. ಹೋದೆ. ಎರಡು ದಿನ ಮಾತಾಡಲಿಲ್ಲ, ಆದರೆ ಮುದ್ದೆ ಮಾತ್ರ ತಪ್ಪದೆ ಬಂತು.

ಒಬ್ಬ ಏನೂ ಕೇಳದೆ ಬಾಗಿಲು ಹಾಕಿದ, ಇನ್ನೊಬ್ಬರು ಎಲ್ಲ ಕೇಳಿ ಬಾಗಿಲು ತೆಗೆದರು. ನಿನ್ನ ಮೋಟೆಲಿನ ಆಂಟಿ ಎರಡನೇ ಥರದವರು ಪುಟ್ಟಿ. ಬೆಳಿಗ್ಗೆ ಚಹಾ ಕೊಟ್ಟರು ಅಂದೆಯಲ್ಲ, ಅಲ್ಲಿಗೆ ಲೆಕ್ಕ ಸರಿಹೋಯಿತು.

ಆದರೆ ಮೊನ್ನೆ ಅದೇ ಕೌಂಟರಿನಲ್ಲಿ ಇನ್ನೊಂದು ನಡೆಯಿತು. ನಾವು ರೂಮಿನಲ್ಲಿ ಬ್ಯಾಗಿಟ್ಟು ದೋಸೆಗೆ ಅಂತ ಕೆಳಗಿಳಿದಾಗ ಒಂದು ಹುಡುಗ, ಹುಡುಗಿ ಬೈಕಿನಲ್ಲಿ ಬಂದರು. ಇಬ್ಬರ ಆಧಾರಿನಲ್ಲೂ ಬೇರೆ ಬೇರೆ ಊರು. ಕೌಂಟರಿನವಳು ಎರಡೂ ಕಾರ್ಡು ತಿರುಗಿಸಿ ನೋಡಿ 'ರೂಮ್ ಫುಲ್' ಅಂದಳು. ಕೀಗಳು ಹಲಗೆಯ ಮೇಲೆ ನೇತಾಡುತ್ತಿದ್ದವು. ಅವರು ಹೋದ ಮೇಲೆ ನಾನು ಕೇಳಿಯೇಬಿಟ್ಟೆ, ನಿಮ್ಮಪ್ಪ ನನ್ನ ಕೈ ಜಗ್ಗುತ್ತಿದ್ದರೂ. ವಯಸ್ಸಿಗೆ ಬಂದವರು, ಮದುವೆಯಾಗದೆ ಒಂದು ರೂಮಿನಲ್ಲಿ ಉಳಿಯಬಾರದು ಅಂತ ಯಾವ ಕಾನೂನೂ ಇಲ್ಲವಲ್ಲಮ್ಮ ಅಂದೆ. 'ಗೊತ್ತು ಮೇಡಂ. ಆದ್ರೆ ನಮ್ಮ ಮಕ್ಕಳು ಇಲ್ಲೇ ಇರ್ತಾರೆ, ಮನೇನೂ ಇದೇ. ನಾಳೆ ಅವರ ಮನೆಯವರು ಹುಡುಕ್ಕೊಂಡು ಬಂದು ಗಲಾಟೆ ಮಾಡಿದ್ರೆ ನಾವು ಎಲ್ಲಿಗೆ ಹೋಗೋಣ?' ಅಂದಳು. ದೊಡ್ಡ ಹೋಟೆಲಿನ ಮ್ಯಾನೇಜರು ಡ್ಯೂಟಿ ಮುಗಿಸಿ ಮನೆಗೆ ಹೋಗಬಹುದು, ಇವಳಿಗೆ ಆ ಸವಲತ್ತಿಲ್ಲ, ಸರಿ. ಆದರೂ ನಾನು ಒಪ್ಪಲಿಲ್ಲ. ಆ ರಾತ್ರಿಯಲ್ಲಿ ಆ ಹುಡುಗಿ ಹೆದ್ದಾರಿಯಲ್ಲಿ ಬೈಕಿನ ಹಿಂದೆ ಕೂತು ಹೋಗಬೇಕಾಯಿತಲ್ಲ, ಅದಕ್ಕೆ ಯಾರು ಜವಾಬ್ದಾರಿ ಅಂತ ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ಬಿಸಿನೀರು ಬೆಳಿಗ್ಗೆ ಐದರಿಂದ ಎಂಟರವರೆಗೆ ಮಾತ್ರ ಅಂದಳು. ನನ್ನನ್ನು ಕಾಪಾಡಿದ ಮನೆಯೇ ಆ ಹುಡುಗಿಯನ್ನು ಕಳಿಸಿಬಿಟ್ಟಿತು. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದೋ ನನಗೆ ಗೊತ್ತಾಗುತ್ತಿಲ್ಲ.

ದೋಸೆ ಮಾತ್ರ ಬದಲಾಗಿಲ್ಲ. ಅಂಗೈಯಗಲ, ದಪ್ಪ, ಮೇಲೆ ಗರಿ, ಒಳಗೆ ಮೆತ್ತಗೆ. ಬೆಂಗಳೂರಿನಲ್ಲಿ ಮುಳಬಾಗಿಲು ದೋಸೆ ಅಂತ ಬೋರ್ಡು ಹಾಕಿಕೊಂಡವರು ಒಮ್ಮೆ ಇಲ್ಲಿ ಬಂದು ತಿಂದು ನೋಡಲಿ.

ರೂಮು ಚೊಕ್ಕಟ. ಕೆಂಪು ಗಾರೆ ನೆಲ, ಕಿಟಕಿಗೆ ಸೊಳ್ಳೆಪರದೆ, ಬಚ್ಚಲಲ್ಲಿ ಬಕೆಟ್ಟು, 'ನೀರು ಮಿತವಾಗಿ ಬಳಸಿ' ಅನ್ನುವ ಬೋರ್ಡು. ಕೋಲಾರದಲ್ಲಿ ಆ ಬೋರ್ಡು ಅಲಂಕಾರಕ್ಕಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಿವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ, ಅದು ಸರಿಯೋ ತಪ್ಪೋ ಅಂತ ಜಗಳ ಇನ್ನೂ ನಿಂತಿಲ್ಲ. ಬಾಡಿಗೆ ಸಾವಿರದೊಳಗೆ. ಅಂಥ ರೂಮಿಗೆ 2022ರ ಜುಲೈ ತನಕ ಜಿಎಸ್‌ಟಿ ಇರಲಿಲ್ಲ, ಆಮೇಲೆ ಶೇ. 12 ಬಂತು, 2025ರ ಸೆಪ್ಟೆಂಬರಿನಲ್ಲಿ ಶೇ. 5ಕ್ಕೆ ಇಳಿಯಿತು. ಇದನ್ನೆಲ್ಲ ಯಾಕೆ ಬರೆಯುತ್ತೀಯ ಅಂತ ನಿಮ್ಮಪ್ಪ ಹಿಂದಿನಿಂದ ಕೇಳುತ್ತಿದ್ದಾರೆ. ಬ್ಯಾಂಕಿನವಳ ಚಟ.

ಬೆಳಿಗ್ಗೆ ನಾನು ಬೇಗ ಎದ್ದು ಕೆಳಗೆ ಹೋದೆ. ಹಿಂದಿನ ರಾತ್ರಿಯ ಬಿಸಿ ಇಬ್ಬರಿಗೂ ಆರಿತ್ತು. ಕಾಫಿ ಕೊಟ್ಟಳು. ವಡ್ಡಹಳ್ಳಿ ಮಾರ್ಕೆಟ್ಟಿಗೆ ಟೊಮ್ಯಾಟೊ ಕೊಳ್ಳಲು ಬರುವ ಹೊರಗಿನ ವ್ಯಾಪಾರಿಗಳೇ ಈಗ ಅವರಿಗೆ ಅನ್ನ. ಸೀಸನ್ನಿನಲ್ಲಿ ವಾರಗಟ್ಟಲೆ ಉಳಿಯುತ್ತಾರೆ. 2023ರ ಜುಲೈನಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ದಾಟಿದಾಗ ಕೆಲವರು ದುಡ್ಡಿನ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರಂತೆ. ಅದಕ್ಕೇ ಮೆಟ್ಟಿಲ ಬುಡದಲ್ಲಿ ಗಂಡ ಹಾಸಿಗೆ ಹಾಸಿಕೊಂಡ ಅಂದಳು. ಅವಳ ಚಿಂತೆ ಬೇರೆ. ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಮಾಲೂರು, ಕೆಜಿಎಫ್ ಕಡೆಯಿಂದ ಆಂಧ್ರಕ್ಕೆ ಹೋಗುತ್ತದೆ, ಕೋಲಾರವನ್ನಾಗಲಿ ಮುಳಬಾಗಿಲನ್ನಾಗಲಿ ಮುಟ್ಟುವುದಿಲ್ಲ. ನಿಮ್ಮಪ್ಪ ಓದಿ ಹೇಳಿದ ರೂಟ್ 66ರ ಕಥೆ ನನ್ನ ಬಾಯಿಗೆ ಬಂತು, ಹೇಳಲಿಲ್ಲ. 'ತಿರುಪತಿಗೆ ಹೋಗೋರು ಈ ದಾರೀಲೇ ಬರ್ತಾರೆ ಬಿಡಿ' ಅಂದೆ. 'ಅವರು ಉಳಿಯಲ್ಲ ಮೇಡಂ, ಬಾತ್‌ರೂಮಿಗೆ ಕೇಳ್ಕೊಂಡು ಬರ್ತಾರೆ' ಅಂದಳು.

ಆ ಹುಡುಗಿಯ ವಿಷಯ ಮತ್ತೆ ತೆಗೆದೆ. ಇನ್ನು ಮುಂದೆ ಇಬ್ಬರಿಗೂ ಬೇರೆ ಬೇರೆ ರೂಮು ಕೊಡ್ತೀನಿ, ಬಾಡಿಗೆ ಎರಡು ಕಟ್ಟಿದರೆ ಆಯ್ತು ಅಂದಳು. ನನಗೆ ನಗು ಬಂತು. ರಾತ್ರಿಗಿಂತ ಅದು ವಾಸಿ ಅಂತ ಬಿಟ್ಟೆ.

ಡಿಸೆಂಬರಿನಲ್ಲಿ ನೀನು ಬಂದಾಗ ಕುರುಡುಮಲೆಗೆ ಮತ್ತೆ ಹೋಗೋಣ. ಸುಮಾರು ಹದಿಮೂರು ಅಡಿಯ ಗಣಪತಿ, ನೀನು ಚಿಕ್ಕವಳಿದ್ದಾಗ ನೋಡಿ ಹೆದರಿದ್ದೆ. ಎರಡು ಸಲ ಹೆಸರೆತ್ತಿ ಸುಮ್ಮನಾದೆಯಲ್ಲ, ಆ ಹುಡುಗನೂ ಬರುವುದಾದರೆ ಮೊದಲೇ ಹೇಳು. ಅಲ್ಲಿಯ ಪಾಸ್‌ಪೋರ್ಟಿನವನಾದರೆ ಲಾಡ್ಜಿನವರು ಫಾರ್ಮ್ ತುಂಬಿ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಆ ಕೆಲಸಕ್ಕೆ ಅವಳು ಈಗಲೇ ತಲೆನೋವು ಅನ್ನುತ್ತಾಳೆ. ನಾನು ಮೂರು ರೂಮು ಹೇಳಿಡುತ್ತೇನೆ. ಅವಳು ಕೇಳುವುದಕ್ಕೆಲ್ಲ ಅವನೇ ಉತ್ತರ ಕೊಡಲಿ, ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ನನಗೂ ಕೇಳುವುದಿದೆ, ಅವಳದಾದ ಮೇಲೆ.

ನಿನ್ನ
ಅಮ್ಮ